ಹಾವೇರಿ ಸೀಮೆಯಲ್ಲಿ ಯಂತ್ರಶಿಲ್ಪದ ಪದವಿ: ಪ್ರವೇಶದ ಅರ್ಹತೆಗಳ ಪೂರ್ವೋತ್ತರ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲುಬಂಡಿಯು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಈ ಮೂರು ನಿಲ್ದಾಣಗಳನ್ನು ಒಂದರ ತರುವಾಯ ಒಂದರಂತೆ ಹಾಯ್ದು, ತುಂಗಭದ್ರೆಯನ್ನು ದಾಟಿ ಹರಿಹರವನ್ನು ಸೇರುವದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಈ ದಾರಿಯನ್ನು ಹಾಕಿದರು. ಉಗಿಯಂತ್ರಗಳ ದುರಸ್ತಿಗೆಂದು ಹುಬ್ಬಳ್ಳಿಯಲ್ಲಿ ದೊಡ್ಡದೊಂದು ಕಾರ್ಖಾನೆಯನ್ನೂ ಕಟ್ಟಿದರು. ಈ ಸೀಮೆಗೆ ಯಂತ್ರವೆಂಬುದು ಬಂದದ್ದು ಆಗಲೇ ಎಂದು ಮೇಲುನೋಟಕ್ಕೆ ತೋರುವದು. ನಿಜಸ್ಥಿತಿಯು ಹಾಗಿಲ್ಲ.

ಕ್ರಿ. ಶ. ೧೮೪೦ರ ದಶಕದಲ್ಲಿ ಕುಂಪಣಿ ಸರಕಾರವು ಹತ್ತಿಯ ಬೇಸಾಯವನ್ನು ಕಲಿಸುವದಕ್ಕಾಗಿ ಅಮೆರಿಕದ ತೋಟಗಾರರನ್ನು ಧಾರವಾಡ ಜಿಲ್ಲೆಗೆ ಕಳುಹಿಸಿತು. ಉಳಿದ ಪ್ರಾಂತಗಳಲ್ಲಿ ಒಗ್ಗದ ಅಮೆರಿಕದ ಬೀಜವು ಇಲ್ಲಿಯ ಕರಿಯ ನೆಲದಲ್ಲಿ ಬೇರೂರಿ 'ಧಾರವಾಡ ಅಮೆರಿಕನ್' ಎಂಬ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಯಿತು. ಆದರೆ ಈ ಹತ್ತಿಯ ಎಳೆಯು ಬೀಜವನ್ನು ಬಲವಾಗಿ ಹಿಡಿದಿರುವದು. ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ನಾಟಿ ಹತ್ತಿಯ ಬೀಜ ತೆಗೆಯುತ್ತಿದ್ದ ಹೆಣ್ಣುಮಕ್ಕಳ ಹಳೆಯ ಪದ್ಧತಿಯು ಇದಕ್ಕೆ ಸಾಲದಾಯಿತು. ಗರಗಸದ ಹಲ್ಲುಗಳುಳ್ಳ ಜಿನ್ನು ಬೇಕಾಯಿತು. ಜಿನ್ನು ಬಂದ ಮೇಲೆ ಹಲ್ಲು ಸವೆಯುವದು, ಸವೆದದ್ದನ್ನು ಅರದಿಂದ ತಿಕ್ಕಿ ಸರಿಪಡಿಸುವ ಕೈ ಬೇಕಾಯಿತು. ಧಾರವಾಡದಲ್ಲಿ ಸರಕಾರವು ಜಿನ್ನಿನ ಕಾರ್ಖಾನೆಯನ್ನು ನಡೆಯಿಸಿತು. ಈ ನಾಡಿನ ಬಡಿಗರೂ ಕಮ್ಮಾರರೂ ಆ ಯಂತ್ರವನ್ನು ಬಿಚ್ಚುವದನ್ನೂ ಕೂಡಿಸುವದನ್ನೂ ಕಲಿತರು. ಅವರು ಎಷ್ಟು ಓದಿದ್ದಾರೆಂದು ಯಾರೂ ಕೇಳಲಿಲ್ಲ. ಜಿನ್ನು ತಿರುಗಿತೇ ಇಲ್ಲವೇ ಎಂಬುದೊಂದೇ ಪರೀಕ್ಷೆ.

ಹೀಗೆ ಯಂತ್ರದ ಕೆಲಸವು ಮೊದಲು ಬಂದು, ಯಂತ್ರದ ಪದವಿಯು ಬಹು ತಡವಾಗಿ ಬಂದಿತು. ಈ ಎರಡರ ನಡುವಿನ ಅಂತರವನ್ನು ದಾಟಲು ಈ ಮೂರು ಊರುಗಳ ಹುಡುಗನಿಗೆ ಏನೇನು ಬೇಕಾಗಿತ್ತೆಂಬುದೇ ಪ್ರಸ್ತುತ ವಿಷಯವು. ವಿಶ್ವವಿದ್ಯಾಲಯದ ನಿಯಮಪುಸ್ತಕದಲ್ಲಿ ಬರೆದ ಅರ್ಹತೆಯೊಂದು, ಬರೆಯದೆ ಇದ್ದ ಅರ್ಹತೆಯು ಮತ್ತೊಂದು. ಎರಡನ್ನೂ ಕೂಡಿಯೇ ನೋಡಬೇಕಾಗುವದು.

೧೮೫೪ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ವರ್ಗವೂ ಯಾಂತ್ರಿಕ ಶಾಲೆಯೂ ಕೂಡಿದ ಒಂದು ವಿದ್ಯಾಲಯವು ತೆರೆಯಲ್ಪಟ್ಟಿತು. ರಸ್ತೆ, ಸೇತುವೆ, ಕಾಲುವೆಗಳ ಕೆಲಸಕ್ಕೆ ಕೈಕೆಳಗಿನ ನೌಕರರನ್ನು ಸಿದ್ಧಗೊಳಿಸುವದು ಅದರ ಉದ್ದೇಶವಾಗಿತ್ತು. ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾದ ತರುವಾಯ ಆ ವಿದ್ಯಾಲಯವು ಅದಕ್ಕೆ ಸೇರಿ, ಎಲ್.ಸಿ.ಇ. ಎಂಬ ಪರೀಕ್ಷೆಗೆ ವಿದ್ಯಾರ್ಥಿಗಳನ್ನು ಕಳುಹಿಸತೊಡಗಿತು. ಆ ಪರೀಕ್ಷೆಯು ಕಟ್ಟಡಶಿಲ್ಪದ್ದು. ಯಂತ್ರಶಿಲ್ಪಕ್ಕೆಂದು ಪ್ರತ್ಯೇಕವಾದ ಬಿ.ಇ. ಪದವಿಯು ಅಲ್ಲಿ ಆರಂಭವಾದುದು ೧೯೧೨ರ ಸುಮಾರಿಗೆ. ಹಾವೇರಿ ಸೀಮೆಯು ಅಂದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದ ಕಾರಣ, ಪದವಿ ಬೇಕೆಂಬವನು ಪುಣೆಗೇ ಹೋಗಬೇಕು. ಮೊದಲು ಮ್ಯಾಟ್ರಿಕ್ಯುಲೇಶನ್, ಆಮೇಲೆ ಕಾಲೇಜಿನ ವರ್ಗಗಳು, ಅವೆಲ್ಲವೂ ಇಂಗ್ಲಿಷಿನಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ೧೯೧೭ರಲ್ಲಿ ತೆರೆಯುವವರೆಗೆ ಮ್ಯಾಟ್ರಿಕ್ ಮುಗಿಸಿದ ಹುಡುಗನು ಮುಂದಿನ ಓದಿಗೆ ನಾಡನ್ನೇ ಬಿಡಬೇಕಾಗಿದ್ದಿತು. ಪುಣೆಯಲ್ಲಿ ಮನೆಯ ಮಾತು ಮರಾಠಿ, ವರ್ಗದ ಮಾತು ಇಂಗ್ಲಿಷು. ರಾಣೇಬೆನ್ನೂರಿನ ಒಕ್ಕಲಿಗನ ಮಗನಿಗೆ ಎರಡೂ ಹೊರಗಿನವು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಉದಾಹರಣೆಯನ್ನು ಎಲ್ಲರೂ ಹೇಳುವರು. ಅವರು ಪುಣೆಯಲ್ಲಿ ಓದಿ ೧೮೮೩ರಲ್ಲಿ ಮೊದಲನೆಯವರಾಗಿ ಉತ್ತೀರ್ಣರಾದುದು ಸತ್ಯವು. ಆದರೆ ಅವರು ಅಲ್ಲಿಗೆ ಹೋದದ್ದು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿಕೊಂಡು, ಮೈಸೂರು ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು. ಬುದ್ಧಿಯು ಅವರದು, ವೆಚ್ಚವು ಸಂಸ್ಥಾನದ್ದು. ತುಂಗಭದ್ರೆಯ ಈಚೆಯ ದಂಡೆಯಲ್ಲಿದ್ದವರಿಗೆ ಅಂಥ ಸಂಸ್ಥಾನವಿರಲಿಲ್ಲ.

ಮುಂದೆ ಅದೇ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ೧೯೧೭ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಹುಟ್ಟಿದವು. ಕಟ್ಟಡಶಿಲ್ಪದೊಡನೆ ಯಂತ್ರಶಿಲ್ಪವೂ ಅಲ್ಲಿ ಮೊದಲಿನಿಂದಲೇ ಇದ್ದಿತು. ಹರಿಹರದ ಹುಡುಗನಿಗೆ ಅದು ತನ್ನ ಸಂಸ್ಥಾನದ ಕಾಲೇಜು. ಹೊಳೆಯ ಈಚೆ ಕೆಲವೇ ಹರದಾರಿ ದೂರದಲ್ಲಿದ್ದ ರಾಣೇಬೆನ್ನೂರಿನವನಿಗೆ ಅದು ಪರಸಂಸ್ಥಾನದ್ದು, ಬೇರೊಂದು ವಿಶ್ವವಿದ್ಯಾಲಯದ್ದು. ಆಡುವ ನುಡಿಯು ಒಂದೇ, ಕುಡಿಯುವ ಹೊಳೆಯ ನೀರು ಒಂದೇ; ಅರ್ಜಿಯ ದಾರಿ ಮಾತ್ರ ಬೇರೆ. ಏಕೀಕರಣದ ಮಾತನ್ನು ಸಾಹಿತ್ಯದ ಅಭಿಮಾನದಿಂದ ಮಾತ್ರ ಅಳೆಯುವವರು ಈ ಸಂಗತಿಯನ್ನೂ ಲಕ್ಷ್ಯಕ್ಕೆ ತಂದುಕೊಳ್ಳುವದು ಒಳ್ಳೆಯದು.

ಪದವಿಯಿಲ್ಲದೆ ಯಂತ್ರವಿದ್ಯೆಯಲ್ಲಿ ಹೆಸರು ಪಡೆದವರ ಮಾತು ಬಂದಾಗ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ಬಿಡಲಾಗದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಅವರು ಚಿತ್ರಕಲೆಯನ್ನು ಕಲಿಯಲು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಹೋದರು. ಬಣ್ಣಗಳ ಭೇದವು ಅವರ ಕಣ್ಣಿಗೆ ಸರಿಯಾಗಿ ತಿಳಿಯುವದಿಲ್ಲವೆಂದು ಅಲ್ಲಿ ಗೊತ್ತಾಯಿತು. ಬಣ್ಣ ಬೇಡದ ಚಿತ್ರವೆಂದರೆ ಯಂತ್ರದ ನಕಾಶೆ. ಅದನ್ನೇ ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕರಾದರು. (೧೮೮೭ರಲ್ಲಿ ತೆರೆದ ಆ ಸಂಸ್ಥೆಯೂ ಒಂದು ಮಹೋತ್ಸವದ ಸ್ಮಾರಕವೇ. ಯಂತ್ರಶಿಲ್ಪದಲ್ಲಿ ಎಲ್.ಎಂ.ಇ. ಎಂಬ ಪ್ರಮಾಣಪತ್ರವು ಅಲ್ಲಿ ದೊರೆಯುತ್ತಿದ್ದು, ಪದವಿಯ ಅನುಕೂಲವಿಲ್ಲದ ಅನೇಕರಿಗೆ ಅದೇ ಆಧಾರವಾಗಿತ್ತು.) ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನಿಟ್ಟು, ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿದರು. ಕಬ್ಬಿಣವು ನೆಲಕ್ಕೆ ವಿಷವೆಂದು ರೈತರು ಬಹು ದಿನ ಆ ನೇಗಿಲನ್ನು ಮುಟ್ಟಲಿಲ್ಲ. ೧೯೧೦ರಲ್ಲಿ ಅವರ ಕಾರ್ಖಾನೆಯು ಔಂಧ ಸಂಸ್ಥಾನಕ್ಕೆ ಹೋಯಿತು. ೧೯೪೧ರಲ್ಲಿ ಅದೇ ಮನೆತನದವರು ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ತೆಗೆದು ಲೇಥುಗಳನ್ನು ತಯಾರಿಸತೊಡಗಿದಾಗ, ಯಂತ್ರವನ್ನು ಮಾಡುವ ಯಂತ್ರವೇ ರಾಣೇಬೆನ್ನೂರಿನ ನೆರೆಗೆ ಬಂದಂತಾಯಿತು. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಆ ಕಾರ್ಖಾನೆಯು ಮುಚ್ಚಿಹೋಯಿತು.

ತಂದೆಗೆ ಪದವಿಯಿರಲಿಲ್ಲ. ಮಗ ಶಂತನುರಾಯರನ್ನು ಮಾತ್ರ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಕಳುಹಿಸಿದರು. ಅವರು ೧೯೨೬ರಲ್ಲಿ ಯಂತ್ರಶಿಲ್ಪದ ಪದವೀಧರರಾದರು. ಪದವಿಯಿಲ್ಲದೆ ಗೆದ್ದವನೇ ತನ್ನ ಮಗನಿಗೆ ಪದವಿ ಬೇಕೆಂದು ತಿಳಿದನು. ಓದಿಗಿಂತ ಕೈಕೆಲಸವೇ ಹೆಚ್ಚೆಂದು ವಾದಿಸುವಾಗ ಕಿರ್ಲೋಸ್ಕರರ ಹೆಸರನ್ನು ಹೇಳುವವರು ಈ ಅರ್ಧವನ್ನು ಸಾಮಾನ್ಯವಾಗಿ ಬಿಟ್ಟುಬಿಡುವರು.

ಇನ್ನು ಬರೆಯದೆ ಇದ್ದ ಅರ್ಹತೆಯ ಸಂಗತಿ. ಊಟ, ವಸತಿ, ವೆಚ್ಚ ಇವೇ ಅವು. ಈ ಸೀಮೆಯ ಲಿಂಗಾಯತ ಸಮಾಜದ ಬಹುಭಾಗವು ಒಕ್ಕಲುತನ, ವ್ಯಾಪಾರಗಳನ್ನು ನಂಬಿದ್ದಿತು. ಇಂಗ್ಲಿಷ್ ವಿದ್ಯೆಯ ಕಡೆಗೆ ತಡವಾಗಿ ಹೊರಳಿತು. ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಜನಿಸಿದ ಹಾನಗಲ್ಲ ಕುಮಾರಸ್ವಾಮಿಗಳ ಪ್ರಯತ್ನದಿಂದ ೧೯೦೪ರಲ್ಲಿ ವೀರಶೈವ ಮಹಾಸಭೆಯು ರೂಪುಗೊಂಡಿತು. ೧೯೦೬ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬಿಟ್ಟುಹೋದರು. ಆ ನಿಧಿಯ ವಿದ್ಯಾರ್ಥಿವೇತನದಿಂದ ಅನೇಕರು ಉಚ್ಚ ಶಿಕ್ಷಣವನ್ನು ಪಡೆದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸಂಸ್ಥೆಯು ಹುಟ್ಟಿತು. ಧಾರವಾಡದ ಮುರುಘಾಮಠದ ಪ್ರಸಾದನಿಲಯವು ಹಳ್ಳಿಯ ಹುಡುಗರಿಗೆ ಅನ್ನವಿಟ್ಟಿತು. ವಿಶ್ವವಿದ್ಯಾಲಯದ ಯಾವ ನಿಯಮದಲ್ಲಿಯೂ 'ವಿದ್ಯಾರ್ಥಿಗೆ ಎರಡು ಹೊತ್ತು ಊಟವಿರಬೇಕು' ಎಂದು ಬರೆದಿರಲಿಲ್ಲ. ಆದರೂ ಗಣಿತಕ್ಕಿಂತ ಮುಂಚೆ ತೇರ್ಗಡೆಯಾಗಬೇಕಾದ ವಿಷಯವು ಅದೇ ಆಗಿದ್ದಿತು.

೧೯೪೭ರಲ್ಲಿ ಅದೇ ಬೆಳಗಾವಿಯ ಸಂಸ್ಥೆಯು ಹುಬ್ಬಳ್ಳಿಯಲ್ಲಿ ಬಿ. ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಮುಂಬಯಿ ಕರ್ನಾಟಕಕ್ಕೆ ಇದೊಂದು ದೊಡ್ಡ ಘಟನೆಯು. ಹಾವೇರಿಯಿಂದ ಪುಣೆಗೆ ಹೋಗುವದೆಂದರೆ ಪರದೇಶಯಾನ. ಹುಬ್ಬಳ್ಳಿಗೆ ಹೋಗುವದೆಂದರೆ ಬೆಳಗಿನ ಬಂಡಿಯ ಪ್ರಯಾಣ. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಮರುವರುಷ ಧಾರವಾಡದಲ್ಲಿ ನೆಲೆಗೊಂಡಿತು. ಅತ್ತ ಹೊಳೆಯಾಚೆ ದಾವಣಗೆರೆಯಲ್ಲಿ ೧೯೫೧ರಲ್ಲಿ, ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಎಂಬ ದಾನಿಗಳ ಹೆಸರಿನ ಕಾಲೇಜು ಆರಂಭವಾಯಿತು. ೧೯೫೬ನೆಯ ನವೆಂಬರ ೧ರಂದು ಹೊಳೆಯ ಎರಡೂ ದಂಡೆಗಳು ಒಂದೇ ರಾಜ್ಯವಾದವು.

ಆ ಕಾಲದ ಪ್ರವೇಶಕ್ಕೆ ಇಂಟರ್ ಸಾಯನ್ಸ್ ಪರೀಕ್ಷೆಯು, ಅದರಲ್ಲಿಯೂ ಗಣಿತ ಮತ್ತು ಪದಾರ್ಥವಿಜ್ಞಾನಗಳು, ಮುಖ್ಯವಾಗಿದ್ದವು. ತರುವಾಯ ಇಂಟರ್ ಹೋಗಿ ಪಿ.ಯು.ಸಿ. ಬಂದಿತು, ಮೊದಲು ಒಂದು ವರುಷದ್ದು, ೧೯೭೦ರ ದಶಕದ ಆರಂಭದಿಂದ ಎರಡು ವರುಷದ್ದು. ಬಿ.ಇ. ಪಾಠಕ್ರಮವು ಬಹುಕಾಲ ಐದು ವರುಷದ್ದಿದ್ದು ಆಮೇಲೆ ನಾಲ್ಕಕ್ಕೆ ಇಳಿಯಿತು. ೧೯೬೩ರ ಒಂದೇ ವರುಷದಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ಮಠದ, ಮೈಸೂರಿನಲ್ಲಿ ಸುತ್ತೂರು ಮಠದ, ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಇಂಜಿನಿಯರಿಂಗ್ ಕಾಲೇಜುಗಳು ತೆರೆದವು. ಪ್ರಸಾದನಿಲಯದಲ್ಲಿ ಹುಡುಗನಿಗೆ ಅನ್ನವಿಟ್ಟು ಇನ್ನೊಬ್ಬರ ಕಾಲೇಜಿಗೆ ಕಳುಹಿಸುತ್ತಿದ್ದ ಮಠಗಳು ತಾವೇ ಕಾಲೇಜನ್ನು ನಡೆಯಿಸುವ ಹೊಣೆ ಹೊತ್ತವು. ಈ ಬದಲಾವಣೆಯಲ್ಲಿ ಲಾಭವೂ ಇದ್ದಿತು, ತೊಡಕೂ ಇದ್ದಿತು. ಅನ್ನವಿಡುವವನು ಅಂಕಗಳನ್ನು ಕೇಳಬೇಕಾಗಿಲ್ಲ. ಪ್ರವೇಶ ಕೊಡುವವನು ಕೇಳಲೇಬೇಕು.

ಈ ಸೀಮೆಯೊಳಗೆ ಪದವಿಯು ಕಾಲಿಟ್ಟುದು ೧೯೮೦ರಲ್ಲಿ. ಸಿರಿಗೆರೆಯ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆಯು ರಾಣೇಬೆನ್ನೂರಿನಲ್ಲಿ ತಾಂತ್ರಿಕ ವಿದ್ಯಾಲಯವನ್ನು ತೆರೆಯಿತು. ಹತ್ತಿ, ಬೀಜ, ಎಣ್ಣೆಕಾಳುಗಳ ಪೇಟೆಯಾದ ಊರಿಗೆ ಇಂಜಿನಿಯರಿಂಗ್ ಕಾಲೇಜು ಬಂದಿತು. ಪುಣೆಯ ಕಾಲದಿಂದ ಎಣಿಸಿದರೆ ಒಂದು ನೂರಾ ಇಪ್ಪತ್ತಾರು ವರುಷ.

ದೂರವೆಂಬ ತಡೆಯು ಹೀಗೆ ಕಳೆಯುವ ಹೊತ್ತಿಗೆ ಹಣವೆಂಬ ತಡೆಯು ನಾಡಿನಲ್ಲೆಲ್ಲ ಬೆಳೆದಿದ್ದಿತು. ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಪ್ರವೇಶಕ್ಕೆ ವಂತಿಗೆಯನ್ನು ತೆಗೆದುಕೊಳ್ಳುವ ಪದ್ಧತಿಯು ಕರ್ನಾಟಕಕ್ಕೆ ಅಪಕೀರ್ತಿಯನ್ನು ತಂದಿತು. ೧೯೮೪ರಲ್ಲಿ ರಾಜ್ಯವು ಅದನ್ನು ನಿಷೇಧಿಸುವ ಕಾನೂನನ್ನು ಮಾಡಿತು. ೧೯೯೨ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿಯೂ ೧೯೯೩ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ವಿಚಾರಿಸಿತು. ೧೯೯೪ರಿಂದ ರಾಜ್ಯದಾದ್ಯಂತ ಒಂದೇ ಸಾಮಾನ್ಯ ಪ್ರವೇಶಪರೀಕ್ಷೆ, ಅಂದರೆ ಸಿ.ಇ.ಟಿ., ಜಾರಿಗೆ ಬಂದಿತು. ಪಿ.ಯು.ಸಿ. ಅಂಕಗಳನ್ನೂ ಪ್ರವೇಶಪರೀಕ್ಷೆಯ ಅಂಕಗಳನ್ನೂ ಸಮಸಮವಾಗಿ ಕೂಡಿಸಿ ಕ್ರಮಾಂಕವನ್ನು ಕಟ್ಟುವ ವ್ಯವಸ್ಥೆಯು ಬಡವನ ಜಾಣ ಮಗನಿಗೆ ದೊಡ್ಡ ಉಪಕಾರವನ್ನು ಮಾಡಿತು. ಮೊದಲಿನ ವರುಷಗಳಲ್ಲಿ ಸ್ಥಾನವನ್ನು ಆರಿಸಿಕೊಳ್ಳಲು ತಂದೆ ಮಗ ಇಬ್ಬರೂ ರಾತ್ರಿಯ ಬಸ್ಸನ್ನು ಹತ್ತಿ ಬೆಂಗಳೂರಿಗೇ ಹೋಗಬೇಕಾಗುತ್ತಿದ್ದಿತು. ಅನಂತರ ಆ ಕಾರ್ಯವು ಗಣಕಯಂತ್ರದ ಮೂಲಕ ಊರಲ್ಲಿಯೇ ಆಗುವಂತಾಯಿತು.

೧೯೯೭ರ ಆಗಸ್ಟಿನಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯು ಹುಟ್ಟಿತು. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ರಾಣೇಬೆನ್ನೂರಿನ ಕಾಲೇಜು ಅದಕ್ಕೆ ಸೇರಿತು. ಪುಣೆಗೆ ಹೋಗಿ ಓದಿದವರ ಹೆಸರಿನ ವಿಶ್ವವಿದ್ಯಾಲಯವೇ ಪುಣೆಗೆ ಹೋಗುವ ದಾರಿಯ ಊರಿನಲ್ಲಿ ನೆಲೆನಿಂತಿತು. ೨೦೦೭ರಲ್ಲಿ ಹಾವೇರಿಯ ಸಮೀಪದ ದೇವಗಿರಿಯಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು; ಯಂತ್ರಶಿಲ್ಪವು ಅದರ ಶಾಖೆಗಳಲ್ಲೊಂದು.

ಅರ್ಹತೆಯ ನಿಯಮಗಳು ೨೦೨೦ರ ದಶಕದಲ್ಲಿ ಇಂತಿರುವವು. ಎರಡನೆಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತಗಳು ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಎಲೆಕ್ಟ್ರಾನಿಕ್ಸ್, ಗಣಕವಿಜ್ಞಾನ ಮುಂತಾದವುಗಳಲ್ಲೊಂದು. ಮೂರೂ ಕೂಡಿ ನೂರಕ್ಕೆ ೪೫ ಅಂಕಗಳು ಬೇಕು. ಪರಿಶಿಷ್ಟರಿಗೂ ಹಿಂದುಳಿದ ವರ್ಗಗಳಿಗೂ ೪೦ ಸಾಕು. ಸರಕಾರಿ ಸ್ಥಾನಕ್ಕೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರುಷ ಓದಿರಬೇಕು. ಒಂದರಿಂದ ಹತ್ತನೆಯ ಇಯತ್ತೆಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಸ್ಥಾನಗಳು ಮೀಸಲು. ಇದರಲ್ಲಿ ಒಂದು ವಿಚಿತ್ರವುಂಟು. ಬ್ಯಾಡಗಿ ಪಟ್ಟಣದ ಗಡಿಯೊಳಗಿನ ಶಾಲೆಯಲ್ಲಿ ಓದಿದ ಹಮಾಲನ ಮಗನು ನಗರವಾಸಿ. ಪಟ್ಟಣದ ಹೊರಗಿನ ಊರಿನ ಶಾಲೆಯಲ್ಲಿ ಓದಿದ ದೊಡ್ಡ ಹಿಡುವಳಿದಾರನ ಮಗನು ಗ್ರಾಮೀಣ. ಆದಾಯದ ಮಿತಿಯು ಇದ್ದರೂ ಈ ಗೆರೆಯು ಅಷ್ಟು ನ್ಯಾಯವಾಗಿ ತೋರುವದಿಲ್ಲ. ಹಾಗೆಯೇ ೨೦೧೨ರ ಸಂವಿಧಾನ ತಿದ್ದುಪಡಿಯಿಂದ ಬಂದ ೩೭೧ಜೆ ವಿಧಿಯ ಸ್ಥಾನಮೀಸಲು ಹೊಳೆಯಾಚೆಯ ಹೂವಿನಹಡಗಲಿಯವರಿಗೆ ಇರುವದು, ಈಚೆಯ ರಾಣೇಬೆನ್ನೂರಿನವರಿಗೆ ಇಲ್ಲ. ತುಂಗಭದ್ರೆಯು ಮತ್ತೊಮ್ಮೆ ಪ್ರವೇಶದ ಗಡಿಯಾಯಿತು.

ಒಳಗೆ ಬಂದವನು ಎಂಟು ಸೆಮಿಸ್ಟರುಗಳನ್ನು ಓದಬೇಕು. ೨೦೧೮ರ ಪಾಠಕ್ರಮದಲ್ಲಿ ಒಟ್ಟು ೧೭೫ ಕ್ರೆಡಿಟುಗಳಿದ್ದವು. ೨೦೨೨ರ ಪಾಠಕ್ರಮದಲ್ಲಿ ಅವು ೧೬೦ಕ್ಕೆ ಇಳಿದವು. ಗಣಿತ, ಉಷ್ಣಗತಿವಿಜ್ಞಾನ, ದ್ರವಗಳ ಚಲನೆ, ಲೋಹಗಳ ಬಲಾಬಲ, ಯಂತ್ರಾಂಗಗಳ ರಚನೆ, ನಕಾಶೆ ಇವು ಮುಖ್ಯ ವಿಷಯಗಳು. ತರಗತಿಯಲ್ಲಿ ನೂರಕ್ಕೆ ೮೫ರಷ್ಟು ಹಾಜರಿಯು ಬೇಕು. ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಅರಿಯದವರಿಗೆ 'ಬಳಕೆ ಕನ್ನಡ' ಎಂಬ ಒಂದು ಕ್ರೆಡಿಟಿನ ವಿಷಯವೂ ಇರುವದು. ಪದವಿಯ ಉಳಿದೆಲ್ಲ ಭಾಗವು ಪುಣೆಯ ಕಾಲದಂತೆಯೇ ಇಂಗ್ಲಿಷಿನಲ್ಲಿ. ೨೦೨೧ರಲ್ಲಿ ರಾಜ್ಯದ ಕೆಲವು ಕಾಲೇಜುಗಳಿಗೆ ಕನ್ನಡದಲ್ಲಿಯೇ ಬಿ.ಇ. ಬೋಧಿಸಲು ಅನುಮತಿಯು ದೊರೆಯಿತು. ಸೇರಲು ಬಂದವರು ಅತ್ಯಲ್ಪ. ಪುಸ್ತಕವೂ ಕೆಲಸವೂ ಇಂಗ್ಲಿಷಿನಲ್ಲಿರುವಾಗ ಪಾಠವೊಂದೇ ಕನ್ನಡದಲ್ಲಿದ್ದರೆ ತಮ್ಮ ಮಗನು ಹಿಂದೆ ಬೀಳುವನೆಂದು ತಂದೆತಾಯಿಗಳು ಅಂಜಿದರೆ ಅವರನ್ನು ಹೇಗೆ ದೂಷಿಸಬಹುದು? ಹತ್ತು ವರುಷ ಕನ್ನಡದಲ್ಲಿ ಓದಿದ್ದಕ್ಕೆ ಸ್ಥಾನವನ್ನು ಮೀಸಲಿಟ್ಟು, ಹನ್ನೊಂದನೆಯ ವರುಷದಿಂದ ಆ ಕನ್ನಡವನ್ನು ಹೊರಗೆ ನಿಲ್ಲಿಸುವದು ಈ ವ್ಯವಸ್ಥೆಯ ಒಳವಿರೋಧವು.

ಬ್ಯಾಡಗಿಯಲ್ಲಿ ಇಂಜಿನಿಯರಿಂಗ್ ಕಾಲೇಜಿಲ್ಲ. ಆದರೆ ಯಂತ್ರಶಿಲ್ಪವು ಎಲ್ಲಿ ವಾಸಿಸುವದೆಂದು ನೋಡಬೇಕಾದರೆ ಆ ಊರಿಗೇ ಹೋಗಬೇಕು. ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೆ ಪ್ರಸಿದ್ಧವು. ಆ ಬಣ್ಣವು ಬಿಸಿಲಿಗೂ ಸೆಕೆಗೂ ಮಾಸುವದು. ಆದುದರಿಂದ ಪೇಟೆಯ ಸುತ್ತ ಶೀತಲಗೃಹಗಳು ಎದ್ದಿವೆ. ಅವುಗಳೊಳಗೆ ಅನಿಲವನ್ನು ಅದುಮಿ, ತಣಿಸಿ, ಹಿಗ್ಗಿಸಿ ಶಾಖವನ್ನು ಹೊರಕ್ಕೆಳೆಯುವ ಯಂತ್ರವು ಹಗಲಿರುಳು ನಡೆಯುವದು. ದೇವಗಿರಿಯ ವಿದ್ಯಾರ್ಥಿಯು ಉಷ್ಣಗತಿವಿಜ್ಞಾನದ ಪರೀಕ್ಷೆಯಲ್ಲಿ ಗೆರೆ ಹಾಕಿ ತೋರಿಸುವ ಚಕ್ರವು ಇದೇ. ಕಾಯಿಯಿಂದ ಬಣ್ಣದ ಎಣ್ಣೆಯನ್ನು ತೆಗೆಯುವ ಕಾರ್ಖಾನೆಗಳಲ್ಲಿಯೂ ಅದೇ ವಿದ್ಯೆಯ ಬೇರೊಂದು ಅಧ್ಯಾಯ. ರಾತ್ರಿ ಎರಡು ಗಂಟೆಗೆ ಯಂತ್ರದ ಸದ್ದು ಬದಲಾದುದನ್ನು ಕಿವಿಯಿಂದಲೇ ತಿಳಿದು ಎದ್ದು ಹೋಗುವ ಕೆಲಸಗಾರನಿಗೆ ಆ ಚಕ್ರದ ಹೆಸರು ತಿಳಿಯದಿರಬಹುದು. ಆ ಹೆಸರನ್ನು ಬಲ್ಲ ಪದವೀಧರನಿಗೆ ಆ ಸದ್ದು ತಿಳಿಯದಿರಬಹುದು. ಇಬ್ಬರೂ ಒಬ್ಬನೇ ಆಗುವ ದಾರಿಯೇ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದುದು.

ಈಚಿನ ದಶಕಗಳಲ್ಲಿ ಆ ದಾರಿಯು ತುಸು ಅಗಲವಾಯಿತು. ಎಸ್.ಎಸ್.ಎಲ್.ಸಿ. ಮುಗಿಸಿ, ಪಾಲಿಟೆಕ್ನಿಕ್ಕಿನಲ್ಲಿ ಮೂರು ವರುಷ ಲೇಥು, ಅರ, ಬೆಸುಗೆಗಳ ಕೆಲಸ ಕಲಿತು ಡಿಪ್ಲೊಮಾ ಪಡೆದವನು ಬೇರೊಂದು ಪ್ರವೇಶಪರೀಕ್ಷೆಯನ್ನು ಬರೆದು ನೇರವಾಗಿ ಬಿ.ಇ. ಎರಡನೆಯ ವರುಷಕ್ಕೆ ಸೇರಬಹುದು. ಯಂತ್ರಶಿಲ್ಪದ ಸ್ಥಾನಗಳು ರಾಜ್ಯದಲ್ಲಿ ಖಾಲಿ ಉಳಿಯುತ್ತಿರುವ, ಪಿ.ಯು.ಸಿ. ಮುಗಿಸಿದವರಲ್ಲಿ ಹೆಚ್ಚಿನವರು ಗಣಕವಿಜ್ಞಾನದ ಕಡೆಗೇ ಓಡುತ್ತಿರುವ ಕಾಲದಲ್ಲಿ, ಈ ಹಿಂಬಾಗಿಲಿನಿಂದ ಬಂದವರೇ ಶಾಖೆಯ ಬೆನ್ನೆಲುಬೆಂದರೆ ಅತಿಶಯೋಕ್ತಿಯಾಗಲಿಕ್ಕಿಲ್ಲ. ಧಾರವಾಡದ ಜಿನ್ನಿನ ಕಾರ್ಖಾನೆಯ ಕಮ್ಮಾರನಿಗೆ ದೊರೆಯದಿದ್ದ ಬಾಗಿಲು ಇದೇ.

ಮೊದಲನೆಯ ವರುಷದ ಕಾರ್ಯಾಗಾರದಲ್ಲಿ ಎರಡು ಕಬ್ಬಿಣದ ತುಂಡುಗಳನ್ನು ಅರದಿಂದ ತಿಕ್ಕಿ ಬೆಳಕು ನುಸುಳದಂತೆ ಜೋಡಿಸುವ ಅಭ್ಯಾಸವು ಅವರಿಗೆ ಇರುವದಿಲ್ಲ. ಅದನ್ನು ಅವರು ಆಗಲೇ ಮಾಡಿ ಬಂದಿರುವರು. ಅದರ ಬದಲಾಗಿ ೨೦೧೮ರ ಪಾಠಕ್ರಮವು ಅವರಿಗೆ 'ಹೆಚ್ಚುವರಿ ಗಣಿತ'ವೆಂಬ ಎರಡು ವಿಷಯಗಳನ್ನು ಗೊತ್ತುಪಡಿಸ��ತು. ಅವುಗಳಿಗೆ ಕ್ರೆಡಿಟುಗಳಿರಲಿಲ್ಲ, ಆದರೆ ಅವುಗಳಲ್ಲಿ ಉತ್ತೀರ್ಣರಾಗದೆ ಪದವಿಯೂ ಇರಲಿಲ್ಲ.